ಎಫ್‌ಡಿಎಯವರು (ಮಹಾರಾಷ್ಟ್ರದ ಆಹಾರ ಮತ್ತು ಔಷಧ ಆಡಳಿತ ಇಲಾಖೆ) ಬಂದರೆ ಏನು ಮಾಡಬೇಕು? – ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಪುಣೆಯ ಸಿಂಹಗಡ ರಸ್ತೆಯ ಹತ್ತಿರ ಮನೆಯಲ್ಲೇ ಸಣ್ಣ ಖಾನಾವಳಿ ನಡೆಸುತ್ತೇನೆ. ಊಟಕ್ಕೆ ಬರುವವರು ಹೆಚ್ಚಾಗಿ ನಮ್ಮ ಕಡೆಯ ವಿದ್ಯಾರ್ಥಿಗಳು. ಹೋದ ವಾರ ಪಕ್ಕದ ಓಣಿಯ ಮೆಸ್‌ಗೆ ಅಧಿಕಾರಿಗಳು ಬಂದು ಅನ್ನ, ಪಲ್ಯದ ಸ್ಯಾಂಪಲ್ ಒಯ್ದರಂತೆ. ನಮ್ಮಲ್ಲಿಗೂ ಬಂದರೆ ಏನೇನು ನೋಡುತ್ತಾರೆ? ಅಂಗಡಿ ಮುಚ್ಚಿಸಿಬಿಡುತ್ತಾರಾ?
– ಹೆಸರು ಬೇಡ ಎಂದವರು, ಪುಣೆ

ಉತ್ತರ: ಅಕ್ಕ, ಮೊದಲು ಕಾಗದ ನೋಡಿಕೊಳ್ಳಿ. ಮನೆಯಲ್ಲಿ ಅಡುಗೆ ಮಾಡಿ ಮಾರಿದರೂ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕೇ ಬೇಕು. ಸಣ್ಣ ವಹಿವಾಟಿಗೆ ನೋಂದಣಿ, ದೊಡ್ಡದಕ್ಕೆ ಲೈಸೆನ್ಸ್. ಆ 14 ಅಂಕಿಯ ನಂಬರು ಇರುವ ಪತ್ರವನ್ನು ಗೋಡೆಗೆ ಹಾಕಿ, ಬಂದವರಿಗೆ ಕಾಣಬೇಕು.

ಆಮೇಲೆ ನೀರು. ನನ್ನನ್ನು ಕೇಳಿದರೆ ನಿಮ್ಮ ಭಾಗದಲ್ಲಿ ಇದೇ ದೊಡ್ಡ ವಿಷಯ. 2025ರ ಜನವರಿಯಲ್ಲಿ ನಿಮ್ಮ ಸಿಂಹಗಡ ರಸ್ತೆ, ನಾಂದೇಡ್ ಗ್ರಾಮದ ಸುತ್ತಮುತ್ತ ಜಿಬಿಎಸ್ (ಗಿಲಾನ್-ಬಾರೆ ಸಿಂಡ್ರೋಮ್) ಎಂಬ ನರಗಳ ಕಾಯಿಲೆ ಬಹಳ ಜನರಲ್ಲಿ ಕಾಣಿಸಿಕೊಂಡಿದ್ದು ನೆನಪಿದೆ ಅಲ್ವಾ? ಕೈಕಾಲು ಶಕ್ತಿ ಕಳೆದುಕೊಂಡು ಜನ ಆಸ್ಪತ್ರೆ ಸೇರಿದರು, ಹಲವರಲ್ಲಿ ಕ್ಯಾಂಪೈಲೋಬ್ಯಾಕ್ಟರ್ ಎಂಬ ರೋಗಾಣು ಸಿಕ್ಕಿತು, ಕೆಟ್ಟ ನೀರಿನ ಮೇಲೇ ಎಲ್ಲರ ಅನುಮಾನ ಹೋಯಿತು. ಟ್ಯಾಂಕರ್ ನೀರಾಗಲಿ, ಬಾವಿ ನೀರಾಗಲಿ, ಕಣ್ಣಿಗೆ ತಿಳಿಯಾಗಿ ಕಂಡರೆ ಸಾಲದು. ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ ಅದರ ವರದಿ ಇಟ್ಟುಕೊಳ್ಳಿ, ಟಾಕಿ ತೊಳೆಸಿದ ತಾರೀಖು ಒಂದು ನೋಟುಬುಕ್ಕಿನಲ್ಲಿ ಬರೆದಿಡಿ. ಕುಡಿಯಲು ಕೊಡುವ ನೀರನ್ನಷ್ಟೇ ಅಲ್ಲ, ಸೌತೆಕಾಯಿ, ಕೊತ್ತಂಬರಿ ತೊಳೆಯುವ ನೀರನ್ನೂ ಗಮನಿಸಿ, ಅವು ಒಲೆ ಕಾಣದೆ ನೇರ ತಟ್ಟೆಗೆ ಬರುತ್ತವೆ.

ಮೂರನೆಯದು ಅನ್ನ. ಖಾನಾವಳಿಗಳಲ್ಲಿ ಮಧ್ಯಾಹ್ನದ ಅನ್ನವನ್ನು ಪಾತ್ರೆಯಲ್ಲೇ ಮುಚ್ಚಿಟ್ಟು ರಾತ್ರಿ ಒಗ್ಗರಣೆ ಹಾಕಿ ಕೊಡುವ ರೂಢಿ ಇದೆ. ದಯವಿಟ್ಟು ಇದನ್ನು ಬಿಡಿ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ರೋಗಾಣುವಿನ ಬೀಜಕಣ ಇರುತ್ತದೆ. ಅನ್ನ ಬೆಂದರೂ ಅದು ಸಾಯುವುದಿಲ್ಲ. ಬೆಚ್ಚಗಿನ ಅನ್ನದಲ್ಲಿ ಹೊತ್ತು ಕಳೆದಂತೆ ಅದು ಬೆಳೆದು ವಿಷ ಬಿಡುತ್ತದೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಬಿಸಿ ಅಡುಗೆ 60 ಡಿಗ್ರಿಗಿಂತ ಮೇಲಿರಲಿ, ತಣ್ಣಗಿಡುವುದು 5 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ. ಉಳಿದದ್ದನ್ನು ಫ್ರಿಜ್ಜಿಗೆ ಹಾಕುವುದಾದರೆ ಅಗಲವಾದ ತಟ್ಟೆಗಳಲ್ಲಿ ತೆಳ್ಳಗೆ ಹರಡಿ ಬೇಗ ಆರಿಸಿ, 60ರಿಂದ 21 ಡಿಗ್ರಿಗೆ ಎರಡು ಗಂಟೆಯೊಳಗೆ ಇಳಿಯಬೇಕು, ಅಲ್ಲಿಂದ ಇನ್ನೆರಡು ಗಂಟೆಯಲ್ಲಿ 5ಕ್ಕೆ. ಅಡುಗೆಗೆ ಚುಚ್ಚಿ ನೋಡುವ ಥರ್ಮಾಮೀಟರ್ ಒಂದು ತಗೊಳ್ಳಿ, ಜಾಸ್ತಿ ಬೆಲೆಯದ್ದಲ್ಲ.

ಕೆಲಸದವರ ವೈದ್ಯಕೀಯ ತಪಾಸಣೆ ವರ್ಷಕ್ಕೊಮ್ಮೆ ಆಗಬೇಕು, ಸರ್ಟಿಫಿಕೇಟು ನಿಮ್ಮ ಕೈಯಲ್ಲಿರಬೇಕು. ಭೇದಿ ಆದವರನ್ನು, ಕೈಯಲ್ಲಿ ಗಾಯ ಇದ್ದವರನ್ನು ಆ ದಿನ ಅಡುಗೆಗೆ ನಿಲ್ಲಿಸಬೇಡಿ. ಆದರೆ ಅವರ ಸಂಬಳ ಹಿಡಿಯಬೇಡಿ, ಹಿಡಿದರೆ ಮುಂದಿನ ಸಲ ಕಾಯಿಲೆಯನ್ನು ಮುಚ್ಚಿಟ್ಟುಕೊಂಡೇ ಬರುತ್ತಾರೆ.

ಇನ್ನು ಮುಚ್ಚಿಸುವ ಮಾತು. ಕೊರತೆ ಕಂಡರೆ ಸಾಮಾನ್ಯವಾಗಿ ಸುಧಾರಣಾ ನೋಟಿಸ್ ಕೊಡುತ್ತಾರೆ. ಏನು ತಪ್ಪು, ಏನು ಸರಿಪಡಿಸಬೇಕು ಎಂದು ಅದರಲ್ಲಿ ಬರೆದಿರಬೇಕು, ಅದಕ್ಕೆ ಕಡಿಮೆಯೆಂದರೂ 14 ದಿನ ಸಮಯ ಕೊಡಬೇಕು. 2006ರ ಆಹಾರ ಸುರಕ್ಷತಾ ಕಾಯ್ದೆಯ 32ನೇ ಕಲಮು ಹೇಳುವುದು ಇದನ್ನೇ. ಅಷ್ಟಾದರೂ ಸರಿಪಡಿಸದಿದ್ದರೆ ಲೈಸೆನ್ಸ್ ಅಮಾನತು ಮಾಡಬಹುದು. ತಿನ್ನುವವರ ಜೀವಕ್ಕೆ ತಕ್ಷಣದ ಅಪಾಯ ಇದ್ದರೆ ಮಾತ್ರ ತುರ್ತಾಗಿ ನಿಲ್ಲಿಸುವ ದಾರಿ ಬೇರೆ ಇದೆ.

ಸ್ಯಾಂಪಲ್ ತೆಗೆದರೆ ಗಾಬರಿಯಾಗಬೇಡಿ, ಪಕ್ಕದಲ್ಲೇ ನಿಂತು ನೋಡಿ. ತೆಗೆದುಕೊಂಡ ಪದಾರ್ಥಕ್ಕೆ ಅವರು ದುಡ್ಡು ಕೊಡಬೇಕು. ಅದನ್ನು ನಾಲ್ಕು ಭಾಗ ಮಾಡಿ ಸೀಲು ಹಾಕಬೇಕು, ನಿಮಗೆ ನೋಟಿಸ್ ಕೊಡಬೇಕು. ಒಂದು ಭಾಗವನ್ನು ಮಾನ್ಯತೆ ಪಡೆದ ಲ್ಯಾಬಿಗೆ ಕಳಿಸಿ ಎಂದು ನೀವು ಅಲ್ಲೇ ಕೇಳಬಹುದು, ಅದರ ಖರ್ಚು ನಿಮ್ಮದು. ವರದಿ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಮರಾಠಿಯಲ್ಲಿರುವ ಕಾಗದ ಅರ್ಥವಾಗದಿದ್ದರೆ ಸುಮ್ನೆ ಸಹಿ ಹಾಕಬೇಡಿ, ಓದಿ ಹೇಳಿಸಿಕೊಳ್ಳಿ, ಪ್ರತಿಯನ್ನೂ ಕೇಳಿ ಇಟ್ಟುಕೊಳ್ಳಿ.

ಪ್ರಶ್ನೆ: ಅಂಧೇರಿಯಲ್ಲಿ ಚಿಕ್ಕ ದೋಸೆ ಹೋಟೆಲ್ ಇದೆ. ಒಬ್ಬರು ಬಂದು ‘ಹೆಲ್ತ್‌ನಿಂದ ಬಂದಿದ್ದೇನೆ, ಮೋರಿ ಸರಿಯಿಲ್ಲ, ಇಲ್ಲೇ ಮುಗಿಸಿಕೊಳ್ಳಿ’ ಎಂದರು. ಹೆದರಿ ದುಡ್ಡು ಕೊಟ್ಟೆವು. ರಸೀದಿ ಇಲ್ಲ. ಈಗ ಮತ್ತೆ ಬರುತ್ತೇನೆ ಎಂದಿದ್ದಾರೆ.
– ಒಬ್ಬ ಹೋಟೆಲ್ ಮಾಲೀಕರು, ಮುಂಬಯಿ

ಉತ್ತರ: ಈ ಸಲ ಕೊಡಬೇಡಿ. ಮುಂಬಯಿಯಲ್ಲಿ ನಿಮ್ಮ ಬಾಗಿಲಿಗೆ ಬರುವವರು ಎರಡು ಕಡೆಯವರು. ಹೋಟೆಲಿಗೆ ಆರೋಗ್ಯ ಪರವಾನಗಿ ಕೊಡುವುದು ಮಹಾನಗರ ಪಾಲಿಕೆ, 1888ರ ಪಾಲಿಕೆ ಕಾಯ್ದೆಯ 394ನೇ ಕಲಮಿನ ಪ್ರಕಾರ. ಆಹಾರ ಸುರಕ್ಷತೆಯ ಕಾಯ್ದೆ ನೋಡಿಕೊಳ್ಳುವುದು ರಾಜ್ಯದ ಎಫ್‌ಡಿಎ. ಗುಮಾಸ್ತಾ ಲೈಸೆನ್ಸ್ (ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯ ನೋಂದಣಿ) ಇವೆರಡಕ್ಕೂ ಸಂಬಂಧವಿಲ್ಲದ ಬೇರೆಯೇ ಕಾಗದ. ‘ಹೆಲ್ತ್’ ಎಂದಷ್ಟೇ ಹೇಳಿದರೆ ಯಾವ ಇಲಾಖೆ, ಯಾವ ವಾರ್ಡು ಎಂದು ಕೇಳಿ, ಗುರುತಿನ ಚೀಟಿ ನೋಡಿ, ಹೆಸರು ಮತ್ತು ಹುದ್ದೆ ಬರೆದುಕೊಳ್ಳಿ, ಆಮೇಲೆ ಆ ಕಚೇರಿಗೆ ಫೋನು ಮಾಡಿ ಖಾತ್ರಿ ಮಾಡಿಕೊಳ್ಳಿ. ನಿಜವಾದ ಅಧಿಕಾರಿಗೆ ಇದರಿಂದ ಬೇಸರವಾಗುವುದಿಲ್ಲ, ನಕಲಿಯಾದರೆ ನಿಲ್ಲುವುದೂ ಇಲ್ಲ.

ನಿಜವಾದ ಅಧಿಕಾರಿಯೇ ಲಂಚ ಕೇಳಿದರೆ ಭ್ರಷ್ಟಾಚಾರ ನಿಗ್ರಹ ದಳದ 1064ಕ್ಕೆ ಕರೆ ಮಾಡಿ. ಕಾರಣವಿಲ್ಲದೆ ಕಿರುಕುಳ ಕೊಡುವ ಆಹಾರ ಸುರಕ್ಷತಾ ಅಧಿಕಾರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ಹಾಕಲು 2006ರ ಆಹಾರ ಸುರಕ್ಷತಾ ಕಾಯ್ದೆಯ 39ನೇ ಕಲಮಿನಲ್ಲಿ ಅವಕಾಶವಿದೆ. ಆದರೆ ಅಣ್ಣ, ಮೋರಿ ನಿಜವಾಗಿಯೂ ಕಟ್ಟಿಕೊಂಡಿದ್ದರೆ ಇವತ್ತೇ ಸರಿಮಾಡಿಸಿ. ಅವರು ದುಡ್ಡು ಕೇಳಿದ್ದು ಆ ಮೋರಿ ತೋರಿಸಿಯೇ ಅಲ್ವಾ? ಮಳೆಗಾಲದಲ್ಲಿ ಜಿರಳೆ, ಇಲಿ ಬರುವುದೂ ಅಲ್ಲಿಂದಲೇ.

ಪ್ರಶ್ನೆ: ಠಾಣೆಯಲ್ಲಿ ವಡಾಪಾವನ್ನು ಪೇಪರಿನಲ್ಲೇ ಸುತ್ತಿಕೊಡುತ್ತಾರೆ. ಇದಕ್ಕೆ ನಿಯಮ ಇಲ್ಲವೇ? ಕಪ್ಪಗಾದ ಎಣ್ಣೆಗೆ?
– ಗೃಹಿಣಿ, ಠಾಣೆ

ಉತ್ತರ: ಎರಡಕ್ಕೂ ಇದೆ. ಮುದ್ರಿಸಿದ ಪೇಪರಿನಲ್ಲಿ ತಿಂಡಿ ಕಟ್ಟುವಂತಿಲ್ಲ, ಬಿಸಿ ಎಣ್ಣೆಗೆ ಶಾಯಿ ಬಿಟ್ಟುಕೊಂಡು ಹೊಟ್ಟೆಗೆ ಹೋಗುತ್ತದೆ. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಪೋಲಾರ್ ಸಂಯುಕ್ತ ಎಂಬ ಕೆಟ್ಟ ಅಂಶ ಹೆಚ್ಚುತ್ತದೆ, ಅದು ಶೇಕಡ 25 ದಾಟಿದರೆ ಆ ಎಣ್ಣೆ ಬಳಸಬಾರದು, ಇದು 2018ರ ಜುಲೈಯಿಂದ ಜಾರಿಯಲ್ಲಿದೆ. ಹೊಗೆ ಬೇಗ ಬಂದರೆ, ನೊರೆ ನಿಂತರೆ, ಎಣ್ಣೆ ದಪ್ಪಗಾದರೆ ಅಲ್ಲಿ ತಿನ್ನಬೇಡಿ. ಕಬ್ಬಿನ ಹಾಲು, ಶರಬತ್ತು ಕುಡಿಯುವಾಗ ಐಸ್ ಕಡೆಗೂ ಕಣ್ಣಿರಲಿ. ತಿನ್ನಲು ಬಾರದ ಐಸ್‌ಗೆ ನೀಲಿ ಬಣ್ಣ ಹಾಕಬೇಕೆಂದು ಮಹಾರಾಷ್ಟ್ರದಲ್ಲಿ 2018ರಿಂದ ನಿಯಮವಿದೆ. ನೀಲಿ ಕಂಡರೆ ಲೋಟ ವಾಪಸ್ ಕೊಡಿ. ವಡಾಪಾವ್ ಗಾಡಿಯವರಿಗೆ ಮೊದಲು ನೀವೇ ಸಮಾಧಾನವಾಗಿ ಹೇಳಿ ನೋಡಿ, ಬಿಳಿ ಕಾಗದ ದುಬಾರಿಯೇನಲ್ಲ, ದಿನಾ ಬರುವ ಗಿರಾಕಿ ಕೇಳಿದರೆ ಬಹಳ ಜನ ಬದಲಾಯಿಸುತ್ತಾರೆ. ಕೇಳದಿದ್ದರೆ ಎಫ್‌ಡಿಎಗೆ ದೂರು ಕೊಡಿ.