ಉಯಿಲು, ದಾನಪತ್ರ, ಪೌತಿ ಖಾತೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನಗೆ 71 ವರ್ಷ. 1986ರಲ್ಲಿ ಸ್ವಂತ ದುಡಿಮೆಯಿಂದ ಕೊಂಡ 3 ಎಕರೆ 20 ಗುಂಟೆ ಅಡಿಕೆ ತೋಟ, ತಂದೆಯಿಂದ ಬಂದ 2 ಎಕರೆ ಗದ್ದೆ ಮತ್ತು ಒಂದು ಮನೆ ಇದೆ. ಹೆಂಡತಿ, ಮಗ, ಮಗಳು ಇದ್ದಾರೆ. ‘ನನ್ನ ನಂತರ ಹೆಂಡತಿ ಬದುಕಿರುವವರೆಗೆ ಅನುಭವಿಸತಕ್ಕದ್ದು, ಆಮೇಲೆ ಮಕ್ಕಳಿಗೆ’ ಎಂದು ಉಯಿಲು ಬರೆಯಬಹುದೇ? ಛಾಪಾ ಕಾಗದ ಬೇಕೇ? ನೋಂದಣಿ ಕಡ್ಡಾಯವೇ?
(ತೀರ್ಥಹಳ್ಳಿ)

ಉತ್ತರ: ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ನೋಂದಣಿಯೂ ಕಡ್ಡಾಯವಲ್ಲ. ಕಡ್ಡಾಯವಾದದ್ದು ಸಾಕ್ಷಿಗಳು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಕಲಂ 63ರ ಪ್ರಕಾರ ಕನಿಷ್ಠ ಇಬ್ಬರು ಸಾಕ್ಷಿಗಳಿರಬೇಕು. ನೀವು ಸಹಿ ಮಾಡಿದ್ದನ್ನು ಅವರು ನೋಡಿರಬೇಕು, ಇಲ್ಲವೇ ‘ಇದು ನನ್ನ ಸಹಿ’ ಎಂದು ನೀವು ಅವರೆದುರು ಒಪ್ಪಿಕೊಂಡಿರಬೇಕು. ಆಮೇಲೆ ಅವರೂ ನಿಮ್ಮೆದುರೇ ಸಹಿ ಹಾಕಬೇಕು. ಬಹಳಷ್ಟು ಉಯಿಲುಗಳು ಕೋರ್ಟಿನಲ್ಲಿ ಬಿದ್ದುಹೋಗುವುದು ಇಲ್ಲಿಯೇ. ಪತ್ರ ಬರೆದುಕೊಟ್ಟ ಬರಹಗಾರರು ‘ಬರೆದದ್ದು ನಾನು’ ಎಂದು ಹಾಕುವ ಬಿಕ್ಕಲಂ ಸಹಿಯನ್ನು ಸಾಕ್ಷಿಯ ಸಹಿ ಎಂದು ಎಣಿಸಿಕೊಳ್ಳಬೇಡಿ. ನಿಮಗಿಂತ ಹಿರಿಯರನ್ನು ಸಾಕ್ಷಿ ಮಾಡಿಕೊಳ್ಳಬೇಡಿ. ನಾಳೆ ತಕರಾರು ಬಂದರೆ ಸಾಕ್ಷಿಗಳಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ಹೇಳಬೇಕಾಗುತ್ತದೆ. ಉಯಿಲು ನೋಂದಣಿಯಾಗಿದ್ದರೂ ಈ ನಿಯಮ ತಪ್ಪುವುದಿಲ್ಲ. ಆಸ್ತಿ ಪಡೆಯುವವರು, ಅವರ ಗಂಡ ಅಥವಾ ಹೆಂಡತಿ ಸಾಕ್ಷಿಯಾಗದಿರುವುದು ಒಳ್ಳೆಯದು.

ಹಾಗಿದ್ದರೂ ನೋಂದಣಿ ಮಾಡಿಸಿ ಎಂದೇ ನಮ್ಮ ಸಲಹೆ. ಉಯಿಲಿಗೆ ಮುದ್ರಾಂಕ ಶುಲ್ಕವಿಲ್ಲ, ಕಾಲಮಿತಿಯೂ ಇಲ್ಲ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಅದು 3ನೇ ಪುಸ್ತಕದಲ್ಲಿ ದಾಖಲಾಗುತ್ತದೆ. ನೀವು ಬದುಕಿರುವವರೆಗೆ ಅದರ ನಕಲು ನಿಮಗೆ ಅಥವಾ ನಿಮ್ಮ ಅಧಿಕೃತ ಏಜೆಂಟರಿಗೆ ಬಿಟ್ಟು ಬೇರೆ ಯಾರಿಗೂ ಸಿಗದು. ಮೂಲ ಪ್ರತಿ ಕಳೆದರೂ, ಯಾರಾದರೂ ಹರಿದು ಹಾಕಿದರೂ ದಾಖಲೆ ಉಳಿಯುತ್ತದೆ.

ಇನ್ನು ಗದ್ದೆ. ‘ತಂದೆಯಿಂದ ಬಂತು’ ಎಂದ ಮಾತ್ರಕ್ಕೆ ಅದು ಪಿತ್ರಾರ್ಜಿತವಾಗುವುದಿಲ್ಲ. ನಿಮ್ಮ ತಂದೆ ಅದನ್ನು ತಾವೇ ಕೊಂಡಿದ್ದು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಉಯಿಲಿಲ್ಲದೆ ತೀರಿಕೊಂಡಿದ್ದರೆ, ಕಲಂ 8ರಂತೆ ನಿಮಗೆ ಬಂದ ಪಾಲು ನಿಮ್ಮ ಸ್ವಂತದ್ದು. ಅದರಲ್ಲಿ ನಿಮ್ಮ ಮಕ್ಕಳಿಗೆ ಹುಟ್ಟಿನಿಂದ ಬರುವ ಹಕ್ಕಿಲ್ಲ. 1986ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ. ಅದೇ ಗದ್ದೆ ಅಜ್ಜನ ಕಾಲದಿಂದ ಒಟ್ಟು ಕುಟುಂಬದ್ದಾಗಿದ್ದು, ಪಾಲುಪಟ್ಟಿಯಲ್ಲಿ ನಿಮಗೆ ಬಂದಿದ್ದರೆ ಮಗನಿಗೂ ಮಗಳಿಗೂ ನಿಮ್ಮಷ್ಟೇ ಹಕ್ಕಿದೆ. ಆಗ ಉಯಿಲಿನಲ್ಲಿ ನಿಮ್ಮ ಒಂದು ಪಾಲನ್ನು ಮಾತ್ರ ಬರೆಯಬಹುದು. ಹಳೆಯ ಮ್ಯುಟೇಶನ್ ರಿಜಿಸ್ಟರಿನ ನಕಲು ತೆಗೆಸಿ, ಖಾತೆ ಬದಲಾದದ್ದು ಪೌತಿಯಿಂದಲೋ (ಖಾತೆದಾರರ ಸಾವಿನಿಂದ) ವಿಭಾಗದಿಂದಲೋ ನೋಡಿ. ಅದಕ್ಕೂ ಹಿಂದೆ ನಿಮ್ಮ ತಂದೆಗೆ ಅದು ಹೇಗೆ ಬಂತು ಎಂಬುದನ್ನೂ ನೋಡಿದ ಮೇಲೆಯೇ ಉಯಿಲು ಬರೆಸಿ.

ಹೆಂಡತಿಗೆ ‘ಜೀವಿತಾವಧಿ ಅನುಭೋಗ’ ಮಾತ್ರ ಎಂಬ ಷರತ್ತು ನಮ್ಮೂರುಗಳಲ್ಲಿ ಬಹಳ ಬಳಕೆಯಲ್ಲಿದೆ, ವ್ಯಾಜ್ಯವನ್ನೂ ಅಷ್ಟೇ ತರುತ್ತದೆ. ಜೀವನಾಂಶದ ಹಕ್ಕಿಗೆ ಬದಲಾಗಿ ಕೊಟ್ಟ ಆಸ್ತಿ ಹಿಂದೂ ಉತ್ತರಾಧಿಕಾರ ಕಾಯ್ದೆಯ ಕಲಂ 14ರಂತೆ ಆಕೆಯ ಪೂರ್ಣ ಸ್ವತ್ತಾಗುತ್ತದೆ ಎಂದು 1977ರಲ್ಲಿ ತುಳಸಮ್ಮ ಪ್ರಕರಣದಲ್ಲಿ ತೀರ್ಪಾಯಿತು. ಮುಂದೆ ಬೇರೆ ಬೇರೆ ಪೀಠಗಳು ಬೇರೆ ಬೇರೆ ರೀತಿ ಹೇಳಿದ್ದರಿಂದ 2024ರ ಡಿಸೆಂಬರಿನಲ್ಲಿ ವಿಷಯವನ್ನು ವಿಸ್ತೃತ ಪೀಠಕ್ಕೆ ಒಪ್ಪಿಸಲಾಗಿದೆ. ಈ ಗೊಂದಲವನ್ನು ಮಕ್ಕಳ ತಲೆಗೆ ಕಟ್ಟುವುದೇಕೆ? ಮನೆಯನ್ನು ಪೂರ್ಣ ಹಕ್ಕಿನಿಂದ ಹೆಂಡತಿಗೇ ಬರೆಯಿರಿ. ಅದೇ ದಿನ ಅವರೂ ತಮ್ಮ ಉಯಿಲು ಬರೆಯಲಿ. ಮುಪ್ಪಿನಲ್ಲಿ ಸೊಸೆಯ ಮುಂದೆಯೋ ಅಳಿಯನ ಮುಂದೆಯೋ ಆಕೆ ಕೈಯೊಡ್ಡಬಾರದು ಎಂಬುದು ನಿಮ್ಮ ಆಸೆಯಾದರೆ ದಾರಿ ಇದೇ.

ಬರವಣಿಗೆಯಲ್ಲಿ ಇಷ್ಟು ಬಿಡಬೇಡಿ: ಹಿಂದಿನ ಉಯಿಲುಗಳೆಲ್ಲ ರದ್ದು ಎಂಬ ಸಾಲು, ಪ್ರತಿ ಜಮೀನಿನ ಸರ್ವೆ ನಂಬರು, ಹಿಸ್ಸಾ, ವಿಸ್ತೀರ್ಣ, ಚಕ್ಕುಬಂದಿ (ನಾಲ್ಕು ಕಡೆಯ ಗಡಿ), ಹೆಸರಿಸಿದವರು ನಿಮಗಿಂತ ಮೊದಲೇ ತೀರಿಕೊಂಡರೆ ಯಾರಿಗೆ ಎಂಬುದು, ‘ಇಲ್ಲಿ ನಮೂದಿಸದೆ ಉಳಿದ ಚರ, ಸ್ಥಿರ ಸ್ವತ್ತು’ ಯಾರಿಗೆ ಎಂಬುದು. ಒಬ್ಬ ಮಗನಿಗೆ ಕಡಿಮೆ ಕೊಡುವುದಾದರೆ ಕಾರಣವನ್ನು ಒಂದೆರಡು ಸಾಲಿನಲ್ಲಿ ಬರೆಯಿರಿ. ಪ್ರತಿ ಪುಟಕ್ಕೂ ಸಹಿ ಇರಲಿ. ಅದೇ ದಿನಾಂಕದ ವೈದ್ಯರ ಪ್ರಮಾಣಪತ್ರ ಜೊತೆಗಿರಲಿ. ಹೆಚ್ಚು ಪಾಲು ಪಡೆಯುವ ಮಗನೇ ಓಡಾಡಿ ಉಯಿಲು ಬರೆಸುವುದು ಬೇಡ. ಮೈಸೂರು ರಾಜ್ಯದಿಂದ ಹೋದ ವೆಂಕಟಾಚಲ ಅಯ್ಯಂಗಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1958ರಲ್ಲೇ ಹೇಳಿದಂತೆ, ಅಂಥ ಅನುಮಾನವನ್ನು ಕಳೆಯುವ ಹೊಣೆ ಉಯಿಲನ್ನು ಮುಂದಿಡುವವರ ಮೇಲೆಯೇ ಬೀಳುತ್ತದೆ.

ಪ್ರಶ್ನೆ: ಉಯಿಲು ಬೇಡ, ಈಗಲೇ ಮನೆಯನ್ನು ದಾನಪತ್ರ ಮಾಡಿಕೊಡಿ, ಖರ್ಚೂ ಕಡಿಮೆ ಎಂದು ಮಗ ಹೇಳುತ್ತಿದ್ದಾನೆ. ಮಾಡಿಕೊಡಲೇ?
(ದಾವಣಗೆರೆ)

ಉತ್ತರ: ಖರ್ಚು ಕಡಿಮೆ ಎಂಬುದು ನಿಜ. ಗಂಡ, ಹೆಂಡತಿ, ಮಕ್ಕಳ ನಡುವಿನ ದಾನಪತ್ರಕ್ಕೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಮಾರುಕಟ್ಟೆ ಬೆಲೆಯ ಶೇಕಡಾ ಲೆಕ್ಕದಲ್ಲಿಲ್ಲ, ನಿಗದಿತ ಮೊತ್ತ. ಆದರೆ ದಾನಪತ್ರ ನೋಂದಣಿಯಾಗಿ, ಮಗ ಒಪ್ಪಿಕೊಂಡ ದಿನವೇ ಮನೆ ಅವನದು. ಅವನು ಅಡವಿಡಬಹುದು, ಮಾರಬಹುದು. ಮನಸ್ಸು ಬದಲಾಯಿತೆಂದು ನೀವೊಬ್ಬರೇ ಹೋಗಿ ರದ್ದತಿ ಪತ್ರ ಬರೆಸಿದರೆ ನಡೆಯುವುದಿಲ್ಲ. ಉಯಿಲನ್ನಾದರೆ ಎಷ್ಟು ಸಲ ಬೇಕಾದರೂ ಬದಲಿಸಬಹುದು. ಇರಲು ಬೇರೆ ಮನೆಯಿಲ್ಲದವರು ಇದ್ದೊಂದು ಮನೆಯನ್ನು ದಾನ ಮಾಡಲೇಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಮಾಡಲೇಬೇಕಾದರೆ ‘ದಾನ ಪಡೆದವರು ದಾನಿಗೂ ಅವರ ಪತ್ನಿಗೂ ಊಟ, ಬಟ್ಟೆ, ಔಷಧೋಪಚಾರ ನೋಡಿಕೊಳ್ಳತಕ್ಕದ್ದು, ಇಬ್ಬರಿಗೂ ಬದುಕಿರುವವರೆಗೆ ಈ ಮನೆಯಲ್ಲಿ ವಾಸದ ಹಕ್ಕಿದೆ’ ಎಂದು ಪತ್ರದಲ್ಲೇ ಬರೆಸಿ. ಹಿರಿಯ ನಾಗರಿಕರ 2007ರ ಕಾಯ್ದೆಯ ಕಲಂ 23ರಂತೆ, ನೋಡಿಕೊಳ್ಳುವ ಷರತ್ತು ಮುರಿದರೆ 60 ದಾಟಿದವರು ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಹಾಕಿ ದಾನವನ್ನು ರದ್ದು ಮಾಡಿಸಬಹುದು. ಷರತ್ತು ಇತ್ತೆಂಬುದು ಸಾಬೀತಾಗಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. 2025ರ ಜನವರಿಯಲ್ಲಿ ಕಾಯ್ದೆಯನ್ನು ಉದಾರವಾಗಿ ಓದಿ ತಾಯಿಯೊಬ್ಬರಿಗೆ ಆಸ್ತಿ ಮರಳಿಸಿತು. ಉದಾರತೆಯನ್ನು ನಂಬಿ ಆ ಸಾಲನ್ನು ಬಿಡಬೇಡಿ.

ಪ್ರಶ್ನೆ: ನನ್ನ ಮದುವೆ 1990ರಲ್ಲಾಯಿತು. ತಂದೆ 2012ರಲ್ಲಿ ತೀರಿಕೊಂಡರು, ತಾಯಿಯೂ ಇಲ್ಲ. ಪಿತ್ರಾರ್ಜಿತ ಜಮೀನಿದೆ. ‘ಅರಿಶಿನ ಕುಂಕುಮಕ್ಕೆ ಕೊಟ್ಟಾಗಿದೆ, ಬಿಳಿ ಹಾಳೆಗೆ ಸಹಿಯನ್ನೂ ಹಾಕಿದ್ದೀಯ’ ಎನ್ನುತ್ತಾರೆ ಇಬ್ಬರು ಅಣ್ಣಂದಿರು.
(ಹಾಸನ)

ಉತ್ತರ: ನಿಮಗೆ ಮೂರನೇ ಒಂದು ಪಾಲು ಇದೆ. 1994ರ ಜುಲೈ 30ಕ್ಕೆ ಮೊದಲು ಮದುವೆಯಾದವರನ್ನು ಹೊರಗಿಟ್ಟಿದ್ದ, ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿ ಈಗ ಅಡ್ಡ ಬರುವುದಿಲ್ಲ. 2005ರ ಕೇಂದ್ರ ತಿದ್ದುಪಡಿ ಮದುವೆಯ ದಿನಾಂಕ ನೋಡುವುದಿಲ್ಲ, ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು 2020ರ ವಿನೀತಾ ಶರ್ಮಾ ತೀರ್ಪು ಖಚಿತಪಡಿಸಿದೆ. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಾಯಿತ ಪತ್ರದಿಂದಲೋ ಕೋರ್ಟ್ ಡಿಕ್ರಿಯಿಂದಲೋ ಪಾಲಾಗಿದ್ದರೆ ಮಾತ್ರ ಬೇರೆ ಮಾತು. ಸ್ಥಿರಾಸ್ತಿಯ ಹಕ್ಕು ಬಿಡುವ ಪತ್ರ ನೋಂದಣಿಯಾಗಲೇಬೇಕು, ಬಿಳಿ ಹಾಳೆಯ ಸಹಿಯಿಂದ ಹಕ್ಕು ಹೋಗುವುದಿಲ್ಲ. ಪಹಣಿಯಲ್ಲಿ ಅಣ್ಣಂದಿರ ಹೆಸರಷ್ಟೇ ಇದ್ದರೂ ಹೆದರಬೇಡಿ, ಪಹಣಿ ಮಾಲೀಕತ್ವವನ್ನು ಹುಟ್ಟಿಸುವುದಿಲ್ಲ. ಆದರೆ ಅವರು ಮಾರುವ ಮೊದಲೇ ವಿಭಾಗದ ದಾವೆ ಹಾಕಿ, ಪರಭಾರೆಗೆ ತಡೆಯಾಜ್ಞೆ ಕೇಳಿ.

ಪ್ರಶ್ನೆ: ವಿಧವೆ, ಮಕ್ಕಳಿಲ್ಲ. ಸಂಬಳದಿಂದ ಕೊಂಡ ಫ್ಲ್ಯಾಟ್ ಇದೆ. ನನ್ನ ನಂತರ ತಂಗಿಗೆ ತಾನಾಗಿ ಹೋಗುತ್ತದಲ್ಲವೇ?
(ಬೆಂಗಳೂರು)

ಉತ್ತರ: ಹೋಗುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ ಕಲಂ 15ರಂತೆ ನಿಮ್ಮ ಸ್ವಯಾರ್ಜಿತ ಆಸ್ತಿ ಮೊದಲು ಗಂಡನ ವಾರಸುದಾರರಿಗೆ, ಅಂದರೆ ಮೈದುನ, ನಾದಿನಿಯರ ಕಡೆಗೆ ಹೋಗುತ್ತದೆ. ಮದುವೆಯಾದ ಮೂರೇ ತಿಂಗಳಲ್ಲಿ ಗಂಡನನ್ನು ಕಳೆದುಕೊಂಡು, ಅತ್ತೆಮನೆಯಿಂದ ಹೊರದೂಡಲ್ಪಟ್ಟು, ತವರಿನ ಆಸರೆಯಲ್ಲಿ ಓದಿ ದುಡಿದ ಹೆಣ್ಣುಮಗಳೊಬ್ಬಳ ಉಳಿತಾಯವೂ ಹೀಗೇ ಗಂಡನ ಕಡೆಯವರ ಪಾಲಾಯಿತು ಎಂಬುದು 2009ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿದೆ. ಅನ್ಯಾಯವೆನಿಸಿದರೂ ಕಾನೂನು ಇಂದಿಗೂ ಹಾಗೇ ಇದೆ. ಈ ವಾರವೇ ಉಯಿಲು ಬರೆಯಿರಿ.

ಪ್ರಶ್ನೆ: ತಂದೆಯ ಠೇವಣಿಗಳಿಗೆ ನನ್ನ ತಮ್ಮನೇ ನಾಮಿನಿ. ಹಣವೆಲ್ಲ ತನ್ನದೇ ಎನ್ನುತ್ತಾನೆ.
(ಧಾರವಾಡ)

ಉತ್ತರ: ನಾಮಿನಿ ಬ್ಯಾಂಕಿನಿಂದ ಹಣ ಪಡೆಯುವ ಕೈ ಮಾತ್ರ. ಉಯಿಲಿಲ್ಲದಿದ್ದರೆ ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಷೇರುಗಳಿಗೂ ಇದೇ ನಿಯಮ ಎಂದು 2023ರಲ್ಲಿ ತೀರ್ಪಾಗಿದೆ. ವಿಮೆಯ ಹಣದಲ್ಲೂ ವಾರಸುದಾರರು ಹಕ್ಕು ಕೇಳಿದರೆ ನಾಮಿನಿಯೇ ಒಡೆಯನಲ್ಲ ಎಂದು 2025ರಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿದೆ. ಓದುಗರು ಗಮನಿಸಿ: 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ವರವರೆಗೆ ನಾಮಿನಿ ಇಡಬಹುದು, ಯಾರಿಗೆ ಶೇಕಡಾ ಎಷ್ಟು ಎಂದೂ ಬರೆಯಬಹುದು. ಉಯಿಲಿನಲ್ಲಿ ಬರೆದ ಹೆಸರನ್ನೇ ಇಲ್ಲೂ ಇಟ್ಟರೆ ಅರ್ಧ ಜಗಳ ಅಲ್ಲೇ ನಿಲ್ಲುತ್ತದೆ.

ಪ್ರಶ್ನೆ: ಮಗಳು ಅಮೆರಿಕದಲ್ಲಿದ್ದಾಳೆ. ಕಾಫಿ ತೋಟವನ್ನು ಅವಳಿಗೆ ದಾನ ಮಾಡಬಹುದೇ?
(ಮೂಡಿಗೆರೆ)

ಉತ್ತರ: ಸಾಧ್ಯವಿಲ್ಲ. ವಿದೇಶಿ ವಿನಿಮಯ ನಿಯಮಗಳಂತೆ ಅನಿವಾಸಿ ಭಾರತೀಯರು ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್‌ಗಳನ್ನು ಕ್ರಯಕ್ಕಾಗಲಿ ದಾನವಾಗಿಯಾಗಲಿ ಪಡೆಯುವಂತಿಲ್ಲ. ಉತ್ತರಾಧಿಕಾರದಿಂದ ಪಡೆಯಬಹುದು. ಹಾಗಾಗಿ ಉಯಿಲೊಂದೇ ದಾರಿ. ನಿಮ್ಮ ನಂತರ ಆಕೆ ಮರಣ ಪ್ರಮಾಣಪತ್ರ, ಉಯಿಲು, ವಂಶವೃಕ್ಷ ಇಟ್ಟು ಖಾತೆ ಬದಲಾವಣೆಗೆ ಅರ್ಜಿ ಹಾಕಬೇಕು. ಯಾರಾದರೂ ತಕರಾರು ಎತ್ತಿದರೆ ಉಯಿಲಿನ ಸಾಚಾತನ ತೀರ್ಮಾನವಾಗುವುದು ಸಿವಿಲ್ ಕೋರ್ಟಿನಲ್ಲಿ. ಈಗ ನೀವು ಆಕೆಗೆ ಬರೆದುಕೊಟ್ಟಿರುವ ಅಥವಾ ಆಕೆಯಿಂದ ಪಡೆದಿರುವ ಮುಖ್ತಿಯಾರ್‌ನಾಮೆ (ಪವರ್ ಆಫ್ ಅಟಾರ್ನಿ) ಬರೆದುಕೊಟ್ಟವರ ಸಾವಿನೊಂದಿಗೆ ಮುಗಿಯುತ್ತದೆ. ಅದನ್ನು ಹಿಡಿದು ಆಮೇಲೆ ಮಾಡಿದ ಕ್ರಯ ನಿಲ್ಲುವುದಿಲ್ಲ.