ಎರಡು ಭಾಷೆ ಕೇಳಿ ಬೆಳೆಯೋ ಮಗು ಪದ ಕಲಿಯೋದು ನಿಧಾನವಾ?

ಮಗಳಿಗೆ 20 ತಿಂಗಳು. ನೀವು ಕನ್ನಡ, ನಿಮ್ಮ ಯಜಮಾನರು ಮತ್ತು ಅತ್ತೆ ತುಳು ಮಾತಾಡ್ತೀರಿ. ಅವಳಿಗೆ ಕನ್ನಡದಲ್ಲಿ 18 ಪದ ಮಾತ್ರ ಬರುತ್ತೆ, ಅದೇ ವಯಸ್ಸಿನ ಪಕ್ಕದ್ಮನೆ ಮಗು ಅರಳು ಹುರಿದ ಹಾಗೆ ಮಾತಾಡುತ್ತೆ, ತುಳು ನಿಲ್ಲಿಸಿಬಿಡೋದಾ ಅಂತ ಕೇಳಿದ್ದೀರಿ. ದಯವಿಟ್ಟು ನಿಲ್ಲಿಸಬೇಡಿ.

ನಾವು ನಿಲ್ಲಿಸಿ ನೋಡಿದವರು, ಅದಕ್ಕೇ ಹೇಳ್ತಿದ್ದೀನಿ. ಮಗನಿಗೆ ಎರಡು ವರ್ಷ ತುಂಬೋ ಮೊದಲು ಒಂದು ಪ್ಲೇಹೋಮ್‌ನವರು "ಎರಡೆರಡು ಭಾಷೆ ಆದ್ರೆ ಮಗೂಗೆ ಗೊಂದಲ" ಅಂದರು. ನಾನು ನಂಬಿದೆ, ಅತ್ತೆಗೂ ಹೇಳಿದೆ. ಅವರಿಗೆ ಕನ್ನಡ ಬರುತ್ತೆ, ಆದರೆ ಮುದ್ದು ಮಾಡೋಕೆ ಬರೋದು ತುಳುವಿನಲ್ಲೇ. ಕಿಟಕಿ ಹತ್ತಿರ ಕೂರಿಸಿಕೊಂಡು "ಪುಚ್ಚೆ ತೂಲ" ಅಂತ ದಿನಾ ಬೆಕ್ಕು ತೋರಿಸ್ತಿದ್ದವರು ಸುಮ್ಮನಾಗಿಬಿಟ್ಟರು. ಎರಡು ತಿಂಗಳು ಮಗ ಅಜ್ಜಿ ಬಾಯಿಂದ ಕೇಳಿದ್ದು "ಬಾ", "ತಿನ್ನು" ಅಷ್ಟೇ. ನೆನೆಸಿಕೊಂಡರೆ ಇವತ್ತಿಗೂ ಸಂಕಟ ಆಗುತ್ತೆ. ಆಮೇಲೆ ನಾನೇ ಈ ವಿಷಯ ಹುಡುಕಿ ಓದೋಕೆ ಶುರು ಮಾಡಿದೆ.

ಒಂದೇ ಭಾಷೆ ಕೇಳಿ ಬೆಳೆಯೋ ಮಗುವಿನ ಮುಂದೆ ಒಂದು ಚೆಂಡು, ಒಂದು ಲಾಳಿಕೆ ಇಡಿ. ಲಾಳಿಕೆಯನ್ನ ಅದು ಹಿಂದೆ ಕಂಡಿಲ್ಲ, ಆ ಪದವನ್ನೂ ಕೇಳಿಲ್ಲ. ಆದರೂ "ಲಾಳಿಕೆ ಎಲ್ಲಿ?" ಅಂದರೆ ಹೊಸ ವಸ್ತುವಿನ ಕಡೆಗೇ ನೋಡುತ್ತೆ. ಚೆಂಡಿಗೆ ಆಗಲೇ ಒಂದು ಹೆಸರಿದೆ, ಹಾಗಾಗಿ ಈ ಹೊಸ ಹೆಸರು ಇನ್ನೊಂದರದ್ದೇ ಇರಬೇಕು ಅನ್ನೋ ಲೆಕ್ಕ ಅದರದ್ದು. ಎಲೆನ್ ಮಾರ್ಕ್‌ಮನ್ ಮತ್ತು ಗ್ವಿನ್ ವಾಕ್ಟೆಲ್ ಇದನ್ನ 1988ರಲ್ಲಿ ಮೂರು-ನಾಲ್ಕು ವರ್ಷದ ಮಕ್ಕಳಲ್ಲಿ ತೋರಿಸಿದ್ದರು. 2009ರಲ್ಲಿ ಕೆನಡಾದ ಕ್ರಿಸ್ಟಾ ಬೈಯರ್ಸ್-ಹೈನ್‌ಲೈನ್ ಮತ್ತು ಜ್ಯಾನೆಟ್ ವರ್ಕರ್ ಇಂಥದೇ ಪ್ರಯೋಗವನ್ನ 17-18 ತಿಂಗಳ ಮಕ್ಕಳ ಮೇಲೆ ಮಾಡಿದರು. ಒಂದು ಭಾಷೆಯ ಮಕ್ಕಳು ಈ ಉಪಾಯವನ್ನ ಚೆನ್ನಾಗಿ ಬಳಸಿದರು, ಎರಡು ಭಾಷೆಯವರು ಅಲ್ಪಸ್ವಲ್ಪ, ಮೂರು ಭಾಷೆಯವರು ಬಳಸಲೇ ಇಲ್ಲ.

ಮೊದಲ ಸಲ ಓದಿದಾಗ ನನಗೂ ಎದೆ ಧಸಕ್ ಅಂತು. ಆದರೆ ನಮ್ಮ ಮನೆಯನ್ನೇ ನೋಡಿ. ಬೆಕ್ಕಿಗೆ ಪುಚ್ಚೆ ಅಂತಲೂ ಹೆಸರು, ಅನ್ನಕ್ಕೆ ನುಪ್ಪು ಅಂತಲೂ ಹೆಸರು. ಒಂದು ವಸ್ತುವಿಗೆ ಒಂದೇ ಹೆಸರು ಅನ್ನೋ ನಿಯಮ ಇಲ್ಲಿ ದಿನಕ್ಕೆ ಹತ್ತು ಸಲ ಸುಳ್ಳಾಗುತ್ತೆ. ಸುಳ್ಳಾಗೋ ನಿಯಮವನ್ನ ಮಗು ಯಾಕೆ ಹಿಡಿದುಕೊಳ್ಳಬೇಕು? ಅದೇ ಸಂಶೋಧಕರ 2013ರ ಅಧ್ಯಯನದಲ್ಲಿ, ಒಂದೇ ವಸ್ತುವಿಗೆ ಎರಡೂ ಭಾಷೆಯ ಹೆಸರು ಹೆಚ್ಚು ಗೊತ್ತಿದ್ದ ಮಕ್ಕಳೇ ಆ ಉಪಾಯ ಬಿಟ್ಟಿದ್ದರು. ಹಾಗಾಗಿ ಇದು ಗೊಂದಲ ಅಂತ ನನಗೆ ಅನಿಸೋದಿಲ್ಲ. ಮಗು ತನ್ನ ಮನೆಯನ್ನ ಸರಿಯಾಗಿ ಅರ್ಥ ಮಾಡಿಕೊಂಡಿದೆ.

"ನುಪ್ಪು ಬೇಕು" ಅಂತ ಎರಡನ್ನೂ ಕಲಸಿ ಹೇಳಿದರೂ ಹೆದರಬೇಡಿ. ಕೈಗೆ ಸಿಕ್ಕ ಪದ ಬಳಸಿ ಕೆಲಸ ಸಾಧಿಸಿಕೊಳ್ತಾಳೆ, ದೊಡ್ಡವರಾದ ನಾವೂ ಮಾಡೋದು ಅದನ್ನೇ.

ಆದರೆ ಒಂದು ಎಚ್ಚರಿಕೆ. ಹೆಸರು ಹಿಡಿದು ಕರೆದರೆ ತಿರುಗೋದಿಲ್ಲ, ಬೆರಳು ಮಾಡಿ ತೋರಿಸೋದಿಲ್ಲ ಅನ್ನೋದಾದರೆ, ಅಥವಾ ಎರಡು ವರ್ಷ ತುಂಬಿದರೂ ಯಾವ ಭಾಷೆಯಲ್ಲೂ ಎರಡು ಪದ ಜೋಡಿಸೋದಿಲ್ಲ ಅಂದರೆ ಕಾಯಬೇಡಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದನ್ನೆಲ್ಲ ನೋಡ್ತಾರೆ. ಎರಡು ಭಾಷೆ ಇದೆಯಲ್ಲ, ಅದಕ್ಕೇ ತಡ ಅಂತ ಸುಮ್ಮನಿರೋದೂ ತಪ್ಪು.

ಇನ್ನು ಆ 18. ನೀವು ಎಣಿಸಿದ್ದು ಅರ್ಧ ಮಾತ್ರ. ಅಮೆರಿಕದ ಮಯಾಮಿಯಲ್ಲಿ ಬಾರ್ಬರಾ ಪಿಯರ್ಸನ್ ಮತ್ತು ಜೊತೆಗಾರರು 1993ರಲ್ಲಿ ಇಂಗ್ಲಿಷ್, ಸ್ಪ್ಯಾನಿಷ್ ಎರಡೂ ಕಲಿಯುತ್ತಿದ್ದ 25 ಪುಟ್ಟ ಮಕ್ಕಳ ಪದಗಳನ್ನ ಎರಡೂ ಭಾಷೆ ಸೇರಿಸಿ ಎಣಿಸಿದರು. ಹಾಗೆ ಎಣಿಸಿದಾಗ ಅವರು ಒಂದು ಭಾಷೆಯ ಮಕ್ಕಳಿಗಿಂತ ಹಿಂದೆ ಇರಲಿಲ್ಲ. ನಾನೂ ಒಂದು ನೋಟ್‌ಬುಕ್ಕಿನ ಮಧ್ಯೆ ಗೆರೆ ಎಳೆದು, ಒಂದು ಕಡೆ ಕನ್ನಡ, ಇನ್ನೊಂದು ಕಡೆ ತುಳು ಬರೀತಾ ಹೋದೆ. ತುಳುವಿನ ಕಡೆ ತುಂಬೋ ಕೆಲಸ ಅತ್ತೆಗೆ ಕೊಡಿ. ನೀವು ಅಡುಗೆಮನೆಯಲ್ಲೋ ಆಫೀಸಿನಲ್ಲೋ ಇರುವಾಗ ಅವಳು ಆಡೋ ಪದ ಕೇಳಿಸಿಕೊಳ್ಳೋದು ಅವರೇ.