ಬೀಡಿ ಬ್ರಾಂಚಿನಲ್ಲಿ ಇದ್ದ ಬಾಯಿ ಆಫೀಸಿನಲ್ಲಿ ಎಲ್ಲಿ ಹೋಯ್ತು?

ಬಂಟ್ವಾಳ ಕಡೆಯ ಓದುಗರೊಬ್ಬರು ಬರೆದಿದ್ದಾರೆ. ಮಂಗಳೂರಿನ ಆಫೀಸೊಂದರ ಅಕೌಂಟ್ಸ್‌ನಲ್ಲಿ 6 ವರ್ಷದ ಕೆಲಸ. ಒಂದೇ ಬಿಲ್ಲಿಗೆ ಎರಡು ಸಲ ದುಡ್ಡು ಹೋದದ್ದನ್ನು ಹಿಡಿದವರು ಇವರು. ಮೀಟಿಂಗಿನಲ್ಲಿ ಹೇಳಿದ್ದು ಪಕ್ಕದ ಸೀಟಿನ ಅಕ್ಕ. ಈಗ ಅಕ್ಕ ಟೀಮ್ ಲೀಡರ್. "ನನಗೆ ಮಾತು ಬರುವುದಿಲ್ಲ. ತುಳುವಿನಲ್ಲಿ ಯೋಚಿಸಿ ಇಂಗ್ಲಿಷಿಗೆ ತರುವಷ್ಟರಲ್ಲಿ ಮೀಟಿಂಗೇ ಮುಗಿದಿರುತ್ತದೆ. ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ 2,000 ರೂಪಾಯಿ ಮುಂಗಡ ಕಟ್ಟಿದ್ದೇನೆ. ಸರಿ ತಾನೇ?"

ಅಲ್ಲ ಮಾರಾಯ್ರೆ, ಪತ್ರದ ಕೊನೆಗೆ ಏನು ಬರೆದಿದ್ದೀರಿ ನೋಡಿ. "ಅಮ್ಮ ಬೀಡಿ ಕಟ್ಟಿ ಓದಿಸಿದರು. ಬ್ರಾಂಚಿನಲ್ಲಿ ತಕರಾರು ಆದರೆ ಮಾತಾಡಲು ನಾನೇ ಹೋಗುತ್ತಿದ್ದೆ, ಆಗ 12 ವರ್ಷ." ಇಷ್ಟು ಬರೆದು ಸುಮ್ನೆ ಸಹಿ ಹಾಕಿದ್ದೀರಿ!

ನಮ್ಮ ಕಡೆಯವರಿಗೆ ಗೊತ್ತು ಆ ತಕರಾರು. ಬ್ರಾಂಚ್ ಅಂದರೆ ಮಾಲು ಕೊಟ್ಟು, ಕಟ್ಟಿದ ಬೀಡಿ ತೆಗೆದುಕೊಳ್ಳುವ ಜಾಗ. ಎಲೆ, ಹೊಗೆಸೊಪ್ಪು ತೂಕ ಮಾಡಿ ಕೊಡುತ್ತಾರೆ. ಎಲೆ ತೂತಾಗಿದ್ದರೆ ಲೆಕ್ಕಕ್ಕೆ ಬೀಡಿ ಸಾಲುವುದಿಲ್ಲ. ಕಟ್ಟಿ ಕೊಂಡುಹೋದರೆ ಇದು ಸಣ್ಣ, ಇದು ಸಡಿಲ ಅಂತ ತೆಗೆದು ಹಾಕುತ್ತಾರೆ. ಎಷ್ಟು ಹಳೆಯ ಜಗಳ ಅಂದರೆ, 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯಲ್ಲೇ ಕಚ್ಚಾ ಮಾಲು ಕೊಡುವ ಮತ್ತು ಬೀಡಿ ತಿರಸ್ಕರಿಸುವ ವ್ಯಾಜ್ಯಕ್ಕೆ ಜಾಗ ಇತ್ತು. ಬ್ರಾಂಚಿನಲ್ಲಿ ನೀವು ಏನು ಹೇಳಿರುತ್ತೀರಿ? ಎಲೆ ಇಷ್ಟು ಹಾಳಾಗಿತ್ತು, ಬೀಡಿ ಇಷ್ಟು ಕಡಿಮೆ ಬಂತು, ಅಮ್ಮನ ದುಡ್ಡು ಹಿಡಿಯಬೇಡಿ. ಆಗಿದ್ದು ಏನು, ಎಷ್ಟು, ನಮಗೆ ಬೇಕಾದ್ದು ಏನು. ಮೀಟಿಂಗಿನಲ್ಲಿ ಇದಕ್ಕಿಂತ ಜಾಸ್ತಿ ಏನು ಹೇಳಲಿಕ್ಕಿದೆ?

ಈ ಅಂಕಣದಲ್ಲಿ ಹತ್ತು ಸಲ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ: ನಮ್ಮೂರಿನವರಿಗೆ ಭಾಷೆಯ ಹೆದರಿಕೆ ಹಾಕಬೇಡಿ. ಈ ಊರಿಗೆ ಕನ್ನಡದಲ್ಲಿ ಮಂಗಳೂರು, ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ್, ಬ್ಯಾರಿಯಲ್ಲಿ ಮೈಕಾಲ. ಮೀನು ಮಾರುವವರು ಒಂದು ಬುಟ್ಟಿ ಬಂಗುಡೆ ಖಾಲಿಯಾಗುವುದರೊಳಗೆ ಮೂರು ಭಾಷೆಯಲ್ಲಿ ಚೌಕಾಸಿ ಮುಗಿಸಿರುತ್ತಾರೆ. ವ್ಯಾಕರಣ ಕೇಳಿದವರು ಯಾರು?

ನಿಮ್ಮ ಮ್ಯಾನೇಜರ್ ಮೇಲೆ ನನಗೆ ಸಿಟ್ಟಿಲ್ಲ. ಅವರ ಕಿವಿಗೆ ಬಿದ್ದದ್ದು ಅಕ್ಕನ ಸ್ವರ ಮಾತ್ರ. ನಿಮ್ಮ ಮೇಲೂ ಪೂರ್ತಿ ಕನಿಕರ ಇಲ್ಲ, 6 ವರ್ಷ ಸುಮ್ಮನಿದ್ದಿರಲ್ಲ. ನನ್ನ ಸಿಟ್ಟೆಲ್ಲ ಆ ಅಕ್ಕನ ಮೇಲೆ. "ತುಂಬಾ ಒಳ್ಳೆಯವರು, ನನಗೆ ಕಷ್ಟ ಆಗಬಾರದು ಅಂತ ಅವರೇ ಹೇಳುತ್ತಾರೆ" ಅಂತ ಬರೆದಿದ್ದೀರಿ. ನೀವೂ ಅಮ್ಮನ ಪರವಾಗಿ ಮಾತಾಡಿದವರೇ. ಆದರೆ ಬಂದ ದುಡ್ಡನ್ನು ಅಮ್ಮನ ಕೈಗೇ ಕೊಟ್ಟಿರಿ, ಅಲ್ವಾ?

ಮುಂದಿನ ಮೀಟಿಂಗಿನ ಹಿಂದಿನ ದಿನ ಹೋಗಿ, "ಅಕ್ಕ, ನಾಳೆ ನನ್ನ ಲೆಕ್ಕ ನಾನೇ ಹೇಳ್ತೇನೆ" ಅನ್ನಿ. ಕಾರಣ ಹೇಳಬೇಡಿ, ಸಾರಿ ಅನ್ನಬೇಡಿ. ಮೀಟಿಂಗಿನಲ್ಲಿ ಬ್ರಾಂಚಿನ ಆ ಮೂರು ಮಾತು ಸಾಕು. ಇಂಗ್ಲಿಷ್ ನಡುವೆ ಕನ್ನಡ ನುಗ್ಗಿದರೆ ನುಗ್ಗಲಿ.

ಆ 2,000 ರೂಪಾಯಿ ವಾಪಸ್ ಕೊಡುತ್ತಾರಾ ಕೇಳಿ. ಫೋನನ್ನು ಮಾತ್ರ ಅಕ್ಕನ ಕೈಯಲ್ಲಿ ಮಾಡಿಸಬೇಡಿ.